ಹೊತ್ತಿಗೆ ಮುಂಚೆ ಬಾರಿಸಿದ ಪಾಸ್ಖದ ಗಂಟೆ

ಶುಭ ಶುಕ್ರವಾರದ ಸಂಜೆ ಕೃಷ್ಣರಾಜನಗರದಲ್ಲಿ ಹುಣಸೂರಿನ ಬಸ್ಸು ಹತ್ತಿದಾಗ ನನ್ನ ಹೊಟ್ಟೆಯಲ್ಲಿ ಒಂದು ಲೋಟ ನೀರು ಬಿಟ್ಟರೆ ಬೇರೇನೂ ಇರಲಿಲ್ಲ. ಹೆಗ್ಗಡದೇವನಕೋಟೆಯ ಆಚೆ, ಒಂದು ಸಣ್ಣ ಹಳ್ಳಿಯಲ್ಲಿ, ನನ್ನ ತಂಗಿ ಸಾಯುತ್ತಿದ್ದಳು. ಅವಳ ಹೆಸರು ಆರೋಗ್ಯಮ್ಮ. ನಮ್ಮ ತಂದೆ ಹರಕೆ ಹೊತ್ತು ಇಟ್ಟ ಹೆಸರು. ಹೆಸರಿನಲ್ಲಿದ್ದದ್ದು ಅವಳ ಮೈಗೆ ಬರಲೇ ಇಲ್ಲ. ಹೊಟ್ಟೆಯಲ್ಲಿ ಗಡ್ಡೆ ಬೆಳೆದು, ಮೈಸೂರಿನ ಡಾಕ್ಟರು ಕೈಚೆಲ್ಲಿ ಮನೆಗೆ ಕಳಿಸಿದ್ದರು. ಸಂತೆಗೆ ಬಂದಿದ್ದ ಅವಳ ಊರಿನವನೊಬ್ಬ ನಮ್ಮ ಶಾಲೆಯ ಬಾಗಿಲಿಗೇ ಬಂದು ಸುದ್ದಿ ಹೇಳಿದ್ದ: "ಪಾಸ್ಕದ ಗಂಟೆ ಕೇಳಿಸ್ಕಂಡೇ ಓಯ್ತೀನಿ ಅಂತ ಜೀವ ಇಡ್ಕಂಡವ್ರೆ ಮೇಷ್ಟ್ರೇ. ಬ್ಯಾಗ ಬನ್ನಿ."

ಪಾಸ್ಖ ಎಂದರೆ ಈಸ್ಟರ್ ಹಬ್ಬ; ಅದರ ಗಂಟೆಯ ವಿಷಯವನ್ನು ಕ್ರೈಸ್ತರಲ್ಲದ ಓದುಗರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಪವಿತ್ರ ಗುರುವಾರದಿಂದ ನಮ್ಮ ಗುಡಿಗಳಲ್ಲಿ ಗಂಟೆ ಬಾರಿಸುವುದಿಲ್ಲ. ಯೇಸುಸ್ವಾಮಿ ಸತ್ತು ಸಮಾಧಿಯಲ್ಲಿರುವ ಕಾಲ ಅದು. ಜನರನ್ನು ಕರೆಯಲು ಕಟಕಟ ಎನ್ನುವ ಮರದ ಗಿಲಕಿ ಮಾತ್ರ ಅಲ್ಲಾಡಿಸುತ್ತೇವೆ. ಊರಲ್ಲಿ ಯಾರು ಸತ್ತರೂ ಗಂಟೆಯಿಲ್ಲ. ಆಮೇಲೆ ಮತ್ತೆ ಗಂಟೆ ಹೊಡೆದರೆ, ಯೇಸುಸ್ವಾಮಿ ಎದ್ದರು ಎಂದು ಅರ್ಥ. ನಾನು ಹುಡುಗನಾಗಿದ್ದಾಗಿನಿಂದ ಅದು ಶನಿವಾರ ಬೆಳಿಗ್ಗೆಯೇ ಆಗುತ್ತಿತ್ತು. ಆ ವರ್ಷ ರೋಮಿನಿಂದ ಹೊಸ ವಿಧಿ ಬಂದಿತ್ತು: ಗಂಟೆ ಇನ್ನು ಮುಂದೆ ಶನಿವಾರ ರಾತ್ರಿ, ಉಪವಾಸವೂ ಅಲ್ಲಿಯವರೆಗೆ. ಇಂಥ ವಿಷಯಗಳಲ್ಲಿ ನಾನು ಬಹಳ ಕಟ್ಟುನಿಟ್ಟು. ನನ್ನ ಹೆಂಡತಿ ನನ್ನನ್ನು ‘ಚಿಕ್ಕ ಬಿಷಪ್ಪರು’ ಎಂದು ಆಡಿಕೊಳ್ಳುತ್ತಾಳೆ. ಈ ಸಲ ಮಾತ್ರ ಆ ವಿಧಿ ನನ್ನ ಎದೆಯ ಮೇಲೆ ಕೂತಿತ್ತು. ಬೆಳಿಗ್ಗೆಯವರೆಗೆ ಎಂದುಕೊಂಡು ಜೀವ ಹಿಡಿದವಳು ರಾತ್ರಿಯವರೆಗೆ ಹೇಗೆ ಹಿಡಿದಾಳು?

ಹುಣಸೂರಿಗೆ ಹದಿನೇಳು ಮೈಲಿ, ಹತ್ತಾಣೆ. ಪಕ್ಕದಲ್ಲಿ ಕೂತಿದ್ದ ಹೊಗೆಸೊಪ್ಪಿನ ವ್ಯಾಪಾರಿ ಕಡಲೆಪುರಿಯ ಪೊಟ್ಟಣ ಬಿಚ್ಚಿ ನನ್ನ ಕಡೆ ಚಾಚಿದರು. ಉಪವಾಸ ಎಂದೆ. "ಯಾರ ಪೂಜೆ?" ಎಂದರು. "ಪೂಜೆಯಲ್ಲ, ಸಾವು," ಎಂದುಬಿಟ್ಟೆ. ಅವರು ಪೊಟ್ಟಣ ಮಡಿಸಿ ಜೇಬಿಗಿಟ್ಟುಕೊಂಡರು, ಇಳಿಯುವವರೆಗೆ ತಾವೂ ತಿನ್ನಲಿಲ್ಲ.

ಹುಣಸೂರಿನಿಂದ ಹೆಗ್ಗಡದೇವನಕೋಟೆಗೆ ಆ ರಾತ್ರಿ ಬಸ್ಸಿರಲಿಲ್ಲ. ಒಂದು ಅಂಗಡಿಯ ಜಗಲಿಯ ಮೇಲೆ ಮಲಗಿ, ಬೆಳಿಗ್ಗೆ ಲಕ್ಷ್ಮಣತೀರ್ಥದಲ್ಲಿ ಮುಖ ತೊಳೆದು ಮೊದಲ ಬಸ್ಸು ಹಿಡಿದೆ. ನದಿಯಲ್ಲಿ ನೀರು ಕಣಕಾಲುದ್ದ ಇತ್ತು. ಇಪ್ಪತ್ತು ಮೈಲಿಯ ಹಾದಿಯಲ್ಲಿ ಎಂಜಿನ್ನು ಕಾದು ಎರಡು ಸಲ ನಿಂತಿತು. ಕಂಡಕ್ಟರು ಕೊಡ ಹಿಡಿದು ನೀರು ಹುಡುಕುತ್ತ ಹೋದಾಗ ಹೊಂಗೆ ಮರದ ಕೆಳಗೆ ನಿಂತು ಜಪಮಾಲೆ ಹಿಡಿದೆ. ಪ್ರಾರ್ಥನೆ ಬಾಯಿಗೆ ಬರಲಿಲ್ಲ. ತಂದೆ ತಾಯಿ ಇಬ್ಬರೂ ಹೋದ ಮೇಲೆ ನನಗಿದ್ದವಳು ಅವಳೊಬ್ಬಳೇ. ದೇವರ ಮೇಲೆ ನನಗೆ ಸಿಟ್ಟು ಬಂದಿತ್ತು, ಅದನ್ನು ಮುಚ್ಚಿಟ್ಟು ಬರೆಯುವುದರಲ್ಲಿ ಅರ್ಥವಿಲ್ಲ.

ಕೋಟೆಯಿಂದ ಹಳ್ಳಿಗೆ ನಾಲ್ಕು ಮೈಲಿ ನಡಿಗೆ. ಬಿಸಿಲು ನೆತ್ತಿಗೇರುತ್ತಿತ್ತು. ಕೆರೆಯ ಏರಿ ಹತ್ತುವಾಗ ಗಂಟೆ ಕೇಳಿಸಿತು. ಮೊದಲು ನಂಬಲಿಲ್ಲ. ಮತ್ತೆ ಹೊಡೆಯಿತು, ಬಿಡದೆ ಹೊಡೆಯುತ್ತಲೇ ಇತ್ತು. ರಾತ್ರಿಯವರೆಗೆ ಹೊಡೆಯಬಾರದ ಗಂಟೆ ಅದು. ಅವಳು ಹೋದಳು, ವಿಧಿ ಗೊತ್ತಿಲ್ಲದ ಯಾರೋ ಸಾವಿಗೆಂದು ಬಾರಿಸುತ್ತಿದ್ದಾರೆ ಎಂದುಕೊಂಡು ಓಡಿದೆ.

ಆ ಊರಲ್ಲಿ ಕ್ರೈಸ್ತರ ಮನೆಗಳು ಮೂರೇ. ಪಾದ್ರಿ ಸ್ವಾಮಿಗಳು ವರ್ಷಕ್ಕೊಂದೆರಡು ಸಲ ಬಂದು ಹೋಗುತ್ತಾರೆ. ಗುಡಿಯ ಪಕ್ಕದ ಹೊಲ ಬಸಪ್ಪನವರದು, ಗಂಟೆ ಬಾರಿಸುವ ಕೆಲಸವನ್ನೂ ಅವರೇ ತಂದೆಯ ಕಾಲದಿಂದ ವಹಿಸಿಕೊಂಡಿದ್ದಾರೆ. ನಾನು ಹೋದಾಗ ಅವರು ಹಣೆತುಂಬ ವಿಭೂತಿ ಧರಿಸಿ, ಬೆವರು ಸುರಿಸುತ್ತ ಹಗ್ಗ ಜಗ್ಗುತ್ತಿದ್ದರು.

"ಆರೋಗ್ಯಮ್ಮ?" ಎಂದೆ.

"ಅವ್ರೆ ಕಣ್ರೀ, ಓಗಿ ಒಳಕ್ಕೆ. ಒತ್ತಾರೆಯಿಂದ ಕೇಳ್ತಾನೇ ಅವ್ರೆ, ಬಸಪ್ಪ ಇನ್ನೂ ಒಡೀನಿಲ್ವಾ ಅಂತ. ಬಿಸ್ಲು ಏರಿ ಮ್ಯಾಲೆ ಬರ್ಲಿ ಅಂತ ಕಾಯ್ತಿದ್ದೆ, ವರ್ಸಾವರ್ಸ ಒಡ್ಯೋದು ಆಗ್ಲೇ ಅಲ್ವಾ?"

ಹೊಸ ವಿಧಿಯ ಸುದ್ದಿ ಆ ಊರಿಗೆ ಬಂದೇ ಇರಲಿಲ್ಲ.

ತಂಗಿ ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಗುರುತು ಸಿಗದಷ್ಟು ಸಣ್ಣಗಾಗಿದ್ದಳು. ಅವಳ ಗಂಡ ಚೌರಪ್ಪ ಅವಳನ್ನು ನನ್ನ ಕಡೆ ತಿರುಗಿಸಿದ. ಅವಳು ನಗುತ್ತಿದ್ದಳು.

"ಕೇಳ್ತಾ ಅಣ್ಣ? ಎದ್ರು ಕಣಣ್ಣ."

"ಕೇಳಿಸ್ತು," ಎಂದೆ.

"ಗಂಟೆ ನಿಂತಾಗ ನಂಗೆ ಭಯ ಆಗೋದು. ಎಲ್ಲೂ ಯಾರೂ ಇಲ್ವೇನೋ ಅನ್ನಂಗೆ. ಈಗ ಇಲ್ಲ." ಆಮೇಲೆ ನನ್ನ ಮುಖ ನೋಡಿದಳು. "ಯಾಕಣ್ಣ ಅಳ್ತೀಯ? ಅವ್ರು ಎದ್ಮ್ಯಾಲೆ ನನ್ನ ಬುಟ್ಬುಡ್ತಾರಾ? ಉಪಾಸ ಮುಗೀತಲ್ಲ, ಉಣ್ಣು."

ತಲೆಯ ಹತ್ತಿರ ಬಟ್ಟಲಲ್ಲಿ ಅವಳಿಗೆಂದು ಮಾಡಿದ ಗಂಜಿ ಇತ್ತು. ಚಮಚ ಎತ್ತಿ ನನ್ನ ಬಾಯಿಯ ಕಡೆ ಚಾಚಿದಳು. ಉಪವಾಸ ಮುಗಿದಿಲ್ಲವೆಂದು ಆ ಊರಲ್ಲಿ ಗೊತ್ತಿದ್ದವನು ನಾನೊಬ್ಬನೇ. ಬಾಯಿ ತೆರೆದು ಉಂಡೆ. ಅರ್ಧ ನನ್ನ ಅಂಗಿಯ ಮೇಲೆ ಚೆಲ್ಲಿತು. ಬದುಕಿನಲ್ಲಿ ನಾನು ಉಂಡ ಅತಿ ದೊಡ್ಡ ಹಬ್ಬದೂಟ ಅದೇ.

ಮಧ್ಯಾಹ್ನ ಬಿಸಿಲು ಇಳಿಯುವ ಹೊತ್ತಿಗೆ ಅವಳು ತೀರಿಕೊಂಡಳು. ನನ್ನ ಹೆಬ್ಬೆರಳು ಅವಳ ಮುಷ್ಟಿಯಲ್ಲೇ ಇತ್ತು.

ನಮಗೆ ಇನ್ನೂ ಶನಿವಾರವೇ. ಅವಳು ನಮ್ಮನ್ನು ಬಿಟ್ಟು ಮುಂದೆ ಹೋಗಿದ್ದಳು. ಇಡೀ ರಾತ್ರಿ ಅವಳ ತಲೆದೆಸೆಯಲ್ಲಿ ಮೇಣದಬತ್ತಿ ಹಚ್ಚಿ ಕೂತೆವು. ದುಃಖ ಒಂದಿಷ್ಟೂ ಕಡಿಮೆಯಾಗಲಿಲ್ಲ, ಆದರೆ ದಾರಿಯಲ್ಲಿ ಬಂದಿದ್ದ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಅವಳನ್ನು ಮತ್ತೆ ಕಾಣುವ ದಿನಕ್ಕೆ ಕಾಯುವುದೊಂದು ಉಳಿದಿತ್ತು. ಅವಳು ಕಾದಂತೆ ಕಾದರೆ ಆದೀತು ಎನ್ನಿಸಿತು. ಭಾನುವಾರ ಸ್ವಾಮಿಗಳಿಲ್ಲದೆ ನಾನೇ ಪ್ರಾರ್ಥನೆ ಓದಿ ಅವಳನ್ನು ಮಣ್ಣು ಮಾಡಿದೆ. ‘ಸತ್ತವರು ಏಳುವರೆಂದು ನಂಬುತ್ತೇನೆ’ ಎಂಬ ಸಾಲಿನ ಅರ್ಧಕ್ಕೆ ಪುಸ್ತಕ ಕೆಳಗಿಳಿಸಿದೆ. ಪಕ್ಕದಲ್ಲಿದ್ದ ಚೌರಪ್ಪ ಆ ಸಾಲನ್ನು ಮುಗಿಸಿದ.

ಸೋಮವಾರ ಹೊರಟೆ. ಚೀಲ ಹೊತ್ತುಕೊಂಡು ಬಸಪ್ಪನವರು ಕೆರೆ ಏರಿಯವರೆಗೆ ಬಂದರು. ಮಣ್ಣಿಗೆ ಕೋಟೆಯಿಂದ ಬಂದಿದ್ದ ನೆಂಟರು ಯಾರೋ ಹೊಸ ವಿಧಿಯ ವಿಷಯ ಅವರಿಗೆ ಹೇಳಿದ್ದರೆಂದು ಕಾಣುತ್ತದೆ.

"ರಾತ್ರಿ ಒಡೀಬೇಕಿತ್ತಂತಲ್ಲ ಮೇಷ್ಟ್ರೇ. ನಾನು ಬೆಳಗ್ಗೇನೇ ಒಡೆದ್ಬುಟ್ಟೆ. ದೋಸ ಆಯ್ತದಾ?"

"ಇಲ್ಲ ಬಸಪ್ಪನೋರೆ."

"ಬರೋ ವರ್ಸ ಯಾವೊತ್ತು ಒಡೀಲಿ?"

"ರಾತ್ರಿ. ವಿಧಿ ಹಾಗಿದೆ."

"ಆಗ್ಲಿ, ರಾತ್ರೀನೇ ಒಡೀತೀನಿ." ಚೀಲವನ್ನು ನನ್ನ ಕೈಗೆ ಕೊಟ್ಟರು. "ಒತ್ತಾರೆ ಯಾರಾದ್ರೂ ಕಾಯ್ತಾ ಮಲಗಿದ್ರೆ?"

ನಾನು ತಿರುಗಿ ಊರಿನ ಕಡೆ ನೋಡಿದೆ. ಗುಡಿಯ ಗಂಟೆ, ಅದರ ಹಿಂದೆ ಹೊಸ ಮಣ್ಣಿನ ದಿಬ್ಬ, ಎರಡೂ ಕಾಣುತ್ತಿದ್ದವು.

"ಮಲಗಿದ್ದರೆ, ಕಾಯಿಸಬೇಡಿ. ಆಗಲೇ ಹೊಡೆದುಬಿಡಿ," ಎಂದು ಹೇಳಿ ಕೋಟೆಯ ದಾರಿ ಹಿಡಿದೆ.