ಬಿಸಿಯಾಗದಂತೆ ಮಾಡಿಕೊಟ್ಟ ಕಾರು

ಹೋದ ವರ್ಷ, ಕೃಷ್ಣಗಿರಿ ಕಡೆ ಮಾವಿನ ಲಾರಿಗಳು ಸಾಲುಗಟ್ಟಿ ಓಡಾಡುವ ಕಾಲ. ಹೊಸೂರಿನಲ್ಲಿ ನಮ್ಮದು ರೇಡಿಯೇಟರ್ ರಿಪೇರಿ ಅಂಗಡಿ. ಯಜಮಾನರು ತೀರಿಕೊಂಡ ಮೇಲೆ ಬೆಸುಗೆ ಕೆಲಸ ನನ್ನ ಕೈಗೆ ಬಂತು. ಈಗ ಅಲ್ಯುಮಿನಿಯಂ ವೆಲ್ಡಿಂಗನ್ನು ಮಗ ನಾಗರಾಜ ಮಾಡುತ್ತಾನೆ. ಕೆಲಸ ಒಪ್ಪಿಕೊಳ್ಳುವುದು, ಕೊನೆಗೆ ಪರೀಕ್ಷೆ ಮಾಡಿ ಗಾಡಿ ಬಿಡುವುದು ನಾನು. ಬರುವುದೆಲ್ಲ ಲಾರಿ, ಟ್ರ್ಯಾಕ್ಟರು. ಅವುಗಳ ನಡುವೆ ಮಂಜುನಾಥನ ಕಾರು ಬಂತು.

ಮಂಜುನಾಥ ತುಮಕೂರು ಕಡೆಯವನು, ಇಲ್ಲಿ ಫ್ಯಾಕ್ಟರಿಯಲ್ಲಿ ಲೈನ್ ಸೂಪರ್‌ವೈಸರ್. ಆಲಸನತ್ತಂನಲ್ಲಿ ಬಾಡಿಗೆ ಮನೆ. ಕಾರು ನೋಡಲು ಚಿಕ್ಕದು, ಒಳಗೆ ಬೇರೆಯೇ. ಟ್ಯೂನಿಂಗ್ ಮಾಡಿಸಿದ್ದ. ಅಂದರೆ ಇಂಜಿನ್ನಿನ ಕಂಪ್ಯೂಟರಿನಲ್ಲಿ ಲೆಕ್ಕ ಬದಲಿಸಿ, ಟರ್ಬೊ ಹೆಚ್ಚು ಗಾಳಿ ತುಂಬುವಂತೆ ಮಾಡಿ, ಕಂಪನಿ ಕೊಟ್ಟದ್ದಕ್ಕಿಂತ ಜಾಸ್ತಿ ಶಕ್ತಿ ತೆಗೆಯುವುದು. ಶಕ್ತಿ ಹೆಚ್ಚಾದಷ್ಟೂ ಕಾವು ಹೆಚ್ಚು; ಕಂಪನಿಯ ರೇಡಿಯೇಟರ್ ಅದನ್ನು ತಡೆಯುವುದಿಲ್ಲ. ಭಾನುವಾರ ಬೆಳಗ್ಗೆ ಡೆಂಕಣಿಕೋಟೆ ದಾಟಿ, ಅಂಚೆಟ್ಟಿ ಘಟ್ಟದ ತಿರುವುಗಳಲ್ಲಿ ಜೋರಾಗಿ ಓಡಿಸುವುದು ಇವನ ಹುಚ್ಚು. ಒಂದೆರಡು ಸಲ ಇಳಿದು ಹತ್ತುವಷ್ಟರಲ್ಲಿ ಕಾವು ತೋರಿಸುವ ಮೀಟರಿನ ಮುಳ್ಳು ಕೆಂಪಿಗೆ ಹೋಗುತ್ತಿತ್ತು. ಬಾನೆಟ್ ಎತ್ತಿ, ಆರುವ ತನಕ ಮರದಡಿ ಕೂರಬೇಕಿತ್ತು.

“ಇನ್ಮೇಲೆ ಎಲ್ಲೂ ನಿಲ್ಲಿಸೋ ಹಂಗಿರಬಾರ್ದು ಅಜ್ಜಿ. ಹಂಗೆ ಮಾಡ್ಕೊಡಿ,” ಅಂದ.

ಬಿಚ್ಚಿ ನೋಡಿದರೆ ದಾರಿಯಲ್ಲಿ ಕಂಡಕಂಡ ಬೋರ್ ನೀರು ಸುರಿದಿದ್ದ. ಒಳಗೆ ಬಿಳಿ ಸುಣ್ಣ ಕಟ್ಟಿತ್ತು. ಅದನ್ನೆಲ್ಲ ತೊಳೆದೆವು. ದಪ್ಪನೆಯ ಎರಡು ಸಾಲಿನ ಅಲ್ಯುಮಿನಿಯಂ ರೇಡಿಯೇಟರ್, ಅದರ ಹಿಂದೆ ಎರಡು ತೆಳು ಫ್ಯಾನು, ಇಂಜಿನ್ ಆಯಿಲಿಗೆ ಬೇರೆ ಕೂಲರ್ ಹಾಕಿದೆವು. ಲಾರಿಯವರು ಬಿಸಿಯಾದರೆ ಥರ್ಮೋಸ್ಟಾಟ್ ಕಿತ್ತು ಬಿಸಾಡಿ ಅನ್ನುತ್ತಾರೆ. ಇಂಜಿನ್ ಹದಕ್ಕೆ ಕಾಯುವ ತನಕ ನೀರನ್ನು ತಡೆದು, ಆಮೇಲೆ ಬಿಡುವ ಬಾಗಿಲು ಅದು. ನಾನು ಕೀಳಿಸಲಿಲ್ಲ, ಹೊಸದು ಹಾಕಿಸಿದೆ. ರೇಡಿಯೇಟರಿನ ಪಕ್ಕದಿಂದ ಗಾಳಿ ತಪ್ಪಿಸಿಕೊಳ್ಳುತ್ತಿದ್ದ ಸಂದಿಗಳಿಗೆಲ್ಲ ತಗಡು ಕತ್ತರಿಸಿ ಮುಚ್ಚಿಸಿದೆ.

ಕಾರು ಇನ್ನೂ ಅಂಗಡಿಯಲ್ಲಿದ್ದಾಗ ಒಂದು ಮಧ್ಯಾಹ್ನ ಅವನ ಹೆಂಡತಿ ಸವಿತಾ ಬಂದಳು. ಅವಳೂ ಫ್ಯಾಕ್ಟರಿ ಕೆಲಸದವಳು. ಶಿಫ್ಟ್ ಬಸ್ಸಿಗೆ ಮುಂಚೆ ಬಂದಿದ್ದಳು. ಗಂಡನಿಗೆ ಗೊತ್ತಾಗಬಾರದು ಎಂದು ಮೊದಲೇ ಕೇಳಿಕೊಂಡಳು.

“ಪೂರ್ತಿ ಸರಿ ಮಾಡ್ಬೇಡಿ ಅಜ್ಜಿ. ಸ್ವಲ್ಪ ಬಿಸಿಯಾಗೋ ಹಂಗೇ ಬಿಡಿ.”

ಲಾರಿ ಡ್ರೈವರುಗಳು ಬೆಂಚಿನ ಮೇಲೆ ಕೂತಿದ್ದರು. ನನಗೆ ನಗು ಬಂತು, ಸಿಟ್ಟೂ ಬಂತು. ಕೆಲಸ ಕೆಡಿಸಿ ಕೊಡು ಎಂದು ಇದುವರೆಗೆ ಯಾರೂ ನನ್ನನ್ನು ಕೇಳಿರಲಿಲ್ಲ.

“ನಿನ್ ಗಂಡನ್ನ ಅಂಕೇಲಿಟ್ಕೊಳಾಕೆ ನನ್ ರೇಡಿಯೇಟರ್ ಬೇಕೇನಮ್ಮ?” ಅಂದುಬಿಟ್ಟೆ.

ಡ್ರೈವರುಗಳು ನಕ್ಕರು. ಅವಳು ನಗಲಿಲ್ಲ. “ನನ್ನ ಮಾತಿಗೆ ನಿಲ್ಲಲ್ಲ ಅಜ್ಜಿ. ಆ ಮುಳ್ಳಿಗೆ ನಿಲ್ತಾರೆ,” ಅಂದು, ಚೀಲ ಹೆಗಲಿಗೇರಿಸಿಕೊಂಡು ಹೋದಳು.

ಕೆಲಸ ಮುಗಿದ ದಿನ ನಾಗರಾಜನ ಕೈಲಿ ಓಡಿಸಿ, ನಾನೇ ಪಕ್ಕದಲ್ಲಿ ಕೂತು ಶೂಳಗಿರಿ ತನಕ ಹೋಗಿಬಂದೆ. ಎ.ಸಿ. ಹಾಕಿಸಿ, ಏರಿನಲ್ಲಿ ಆಕ್ಸಿಲರೇಟರ್ ಜೋರಾಗಿ ಒತ್ತಿಸಿದೆ. ಮುಳ್ಳು ನಡುಮಧ್ಯ ಬಿಟ್ಟು ಅಲ್ಲಾಡಲಿಲ್ಲ. ಸುಳ್ಳೇಕೆ, ಹೆಮ್ಮೆಯಾಯಿತು.

ಕೆಲವು ವಾರಗಳ ಮೇಲೆ ಸುದ್ದಿ ಬಂತು. ಅಂಚೆಟ್ಟಿ ಘಟ್ಟ ಇಳಿಯುವಾಗ ಒಂದು ತಿರುವಿನಲ್ಲಿ ಬ್ರೇಕ್ ಹಿಡಿಯದೆ ಕಾರು ಬಂಡೆಗೆ ಗುದ್ದಿದೆ, ಮಂಜುನಾಥನ ಬಲಗಾಲು ಮಂಡಿಯ ಹತ್ತಿರ ಪುಡಿಯಾಗಿದೆ. ಕಾರನ್ನು ಎಳೆದು ತಂದು ನಿಲ್ಲಿಸಿದ್ದ ಶೆಡ್ಡಿಗೆ ಹೋಗಿ ನೋಡಿದೆ. ಬ್ರೇಕಿನ ಡಿಸ್ಕುಗಳು ಕಾದು ನೀಲಿಗಟ್ಟಿದ್ದವು. ಬಿಡುವಿಲ್ಲದೆ ತುಳಿದರೆ ಬ್ರೇಕ್ ಆಯಿಲ್ ಕುದಿದು ಗುಳ್ಳೆ ಏಳುತ್ತದೆ. ಆಮೇಲೆ ಪೆಡಲು ನೆಲಕ್ಕಿಳಿದರೂ ಗಾಡಿ ನಿಲ್ಲದು. ಮೊದಲು ಇಂಜಿನ್ ಕಾದು ಅವನು ಮರದಡಿ ಕೂರುತ್ತಿದ್ದಾಗ ಬ್ರೇಕೂ ಆರುತ್ತಿತ್ತು. ಆ ಬಿಡುವನ್ನು ನಾನು ತೆಗೆದುಹಾಕಿದ್ದೆ. ಬ್ರೇಕಿನ ಕಡೆ ಒಮ್ಮೆಯೂ ನೋಡಿರಲಿಲ್ಲ. ಅದು ನಮ್ಮ ಕೆಲಸ ಅಲ್ಲ ಅಂದುಕೊಂಡಿದ್ದೆ.

ಅವರ ಮನೆಗೆ ಹೋದೆ. ಕಾಲಿಗೆ ರಾಡು ಹಾಕಿ ಮಲಗಿಸಿದ್ದರು. ಇನ್ನು ಲೈನಿನಲ್ಲಿ ನಿಂತು ಕೆಲಸ ಮಾಡಲು ಆಗುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ನನ್ನನ್ನು ಕಂಡವನೇ, ನಿಮ್ಮ ಕೆಲಸಕ್ಕೆ ಹೆಸರಿಡುವ ಹಾಗಿಲ್ಲ, ಅವತ್ತೂ ಇಂಜಿನ್ ತಣ್ಣಗೇ ಇತ್ತು ಎಂದು ಹೊಗಳಿದ. ಅಷ್ಟು ಕಷ್ಟಪಟ್ಟು ಇನ್ಯಾವ ಹೊಗಳಿಕೆಯನ್ನೂ ನಾನು ಕೇಳಿಲ್ಲ.

ಸವಿತಾ ಕಾಫಿ ತಂದುಕೊಟ್ಟಳು. ಬಯ್ಯಲಿ ಎಂದು ಕಾದೆ. ಬಯ್ಯಲಿಲ್ಲ.

“ಅವತ್ತು ನಿನ್ ಮಾತು ಕೇಳ್ಬೇಕಿತ್ತು ಕಣಮ್ಮ,” ಅಂದೆ.

“ಕೇಳಿದ್ರಲ್ಲ ಅಜ್ಜಿ. ಎಲ್ಲರೂ ಕೇಳಿ ನಕ್ಕರು,” ಅಂದಳು.

ಕೆಲಸ ಅರ್ಧ ಮಾಡಿಕೊಡಬೇಕಿತ್ತು ಎಂದು ನಾನು ಹೇಳುವುದಿಲ್ಲ. ನಾನು ಮಾಡಿದ ತಪ್ಪು ಬೇರೆ. ಗಾಡಿಯ ಕಂಪ್ಲೇಂಟನ್ನು ಓಡಿಸುವವನ ಬಾಯಿಂದ ಮಾತ್ರ ಕೇಳುವುದು ನಮ್ಮ ಕಸುಬಿನ ರೂಢಿ. ಸವಿತಾ ಅವತ್ತು ಬಂದು ಹೇಳಿದ್ದೂ ಕಂಪ್ಲೇಂಟೇ: ಈ ಗಾಡಿಯನ್ನು ನಿಲ್ಲಿಸುವುದು ಈ ಬಿಸಿಯೊಂದೇ, ಇದನ್ನು ತೆಗೆದರೆ ನಿಲ್ಲಿಸಲು ಬೇರೆ ಏನೂ ಇಲ್ಲ ಎಂದು. ನಾನು ಅದನ್ನು ಗಂಡ ಹೆಂಡಿರ ಜಗಳ ಅಂದುಕೊಂಡೆ.