ಕಾಲು ತೊಳೆಯುವವರೆಗೂ ಕಾಯುವ ಕೋದಂಡರಾಮಪ್ಪ

ಜನವರಿಯ ಬೆಳಿಗ್ಗೆ, ಗಂಟೆ ಆರೂ ಮುಕ್ಕಾಲು. ತಾಯಲೂರು ಹೋಬಳಿಯ ಪುಟ್ಟ ಊರೊಂದರ ಕೆರೆ ಏರಿಯ ಮೇಲೆ ಕೋದಂಡರಾಮಪ್ಪ ಮಫ್ಲರ್ ಬಿಗಿದುಕೊಂಡು ಕೂತಿದ್ದಾರೆ. ಕೈಯಲ್ಲಿ ಹಳೆಯ ಬೈನಾಕ್ಯುಲರ್, ಪಕ್ಕದಲ್ಲಿ ನೀರಿನ ವಾಲ್ವ್ ತಿರುಗಿಸುವ ಮಾರುದ್ದದ ಕಬ್ಬಿಣದ ಕೀಲಿ. ನೀರು ಹಿಂದೆ ಸರಿದ ಕಡೆಯೆಲ್ಲ ಕೆಂಪು ಕೆಸರು. ಅದರಲ್ಲೊಂದು ಹಕ್ಕಿ ಇದೆಯಂತೆ. ಪತ್ರಿಕೆಗೆ ಬರೆಯಲು ಬಂದ ನನಗೆ ಕಾಣುತ್ತಿರುವುದು ಮಣ್ಣಿನ ಹೆಂಟೆ. ಹೆಂಟೆ ನಾಲ್ಕು ಹೆಜ್ಜೆ ನಡೆದ ಮೇಲೆ ನನಗೂ ನಂಬಿಕೆ ಬರುತ್ತದೆ.

"ಮೆತ್ತಗೆ ಮಾತಾಡಿ ಸಾರ್. ಕೊಕ್ಕು ನೋಡಿ, ದಬ್ಬಳದ ಥರ ಸಣ್ಣಗೆ ಉದ್ದಕ್ಕೈತೆ. ತುದೀಲಿ ಒಂಚೂರು ಬಗ್ಗೈತೆ. ಚುಕ್ಕೆ ಕೆಂಗಾಲು ಇರ್ಬೋದು. ನಮ್ ಕಡೆ ಅಪರೂಪ ಅದು. ಆದ್ರೆ ಕಾಲು ತೊಳ್ಕೊಳ್ಳೋವರ್ಗೂ ನಾನು ಹೆಸರು ಹೇಳಲ್ಲ."

ಐವತ್ತೆರಡರ ಕೋದಂಡರಾಮಪ್ಪ ಊರಿನ ನೀರುಗಂಟಿ. ಐದು ವಾಲ್ವ್, ಮುನ್ನೂರ ನಲವತ್ತು ಮನೆ. ಬೀದಿ ಬೀದಿಗೆ ಸರದಿಯ ಮೇಲೆ ನೀರು ಬಿಡುವುದು ಹದಿನೇಳು ವರ್ಷದಿಂದ ಅವರ ಕೆಲಸ. ಎರಡು ಎಕರೆಯಲ್ಲಿ ರಾಗಿ, ಹಿಪ್ಪುನೇರಳೆ. ಮಿಕ್ಕ ಹೊತ್ತು ಹಕ್ಕಿಗಳಿಗೆ. ಕೆಸರಿನಲ್ಲಿ ಓಡಾಡುವ ಸಣ್ಣ ಹಕ್ಕಿಯೆಲ್ಲ ಊರಿನವರಿಗೆ ಉಲ್ಲಂಕಿಯೇ. ಅವುಗಳಲ್ಲಿ ಇಪ್ಪತ್ತಮೂರು ಬಗೆಯನ್ನು ಇವರು ಕಾಲು, ಕೊಕ್ಕು, ನಡಿಗೆ ನೋಡಿ ಬೇರೆ ಮಾಡಿದ್ದಾರೆ. ಹನ್ನೊಂದು ನೋಟ್‌ಬುಕ್ ತುಂಬಿವೆ.

"ಹುಳಕ್ಕೆ ಸೊಪ್ಪು ತನ್ನಿ ಅಂತ ಕಳಿಸ್ತೀನಿ. ಇವರು ಹಕ್ಕಿ ಕಾಲು ನೋಡ್ಕೊಂಡ್ ಕೂತಿರ್ತಾರೆ. ನನ್ನ ಕಾಲು ಯಾವ ಬಣ್ಣ ಅಂತ ಕೇಳಿ, ಗೊತ್ತಿರಲ್ಲ," ಎಂದು ರೇಷ್ಮೆ ಸಾಕುವ ಹೆಂಡತಿ ಭಾರತಮ್ಮ ನಗುತ್ತಾರೆ.

ಕಾಲಿನ ಈ ಹುಚ್ಚಿಗೆ ಕಾರಣವಿದೆ. ನಾಲ್ಕು ವರ್ಷದ ಹಿಂದೆ ಇದೇ ಕೆರೆಯಲ್ಲಿ ಚುಕ್ಕೆ ಕೆಂಗಾಲು ಬಂದಿದೆ ಎಂದು ಅವರು ಅಮರನಾಥ್ ಅವರಿಗೆ ಫೋನ್ ಮಾಡಿದ್ದರು. ಮುಳಬಾಗಿಲಿನ ನಿವೃತ್ತ ಉಪನ್ಯಾಸಕ ಅಮರನಾಥ್ ಪ್ರತಿ ಚಳಿಗಾಲ ಸುತ್ತಲ ಕೆರೆಗಳ ಹಕ್ಕಿಗಳನ್ನು ಪಟ್ಟಿ ಮಾಡುತ್ತಾರೆ. ಸುದ್ದಿ ಕೇಳಿ ಎರಡು ಕಾರಿನಲ್ಲಿ ಅವರ ಗುಂಪಿನ ಎಂಟು ಜನ ಬಂದಿಳಿದರು. ಎಲ್ಲರೂ ನೋಡನೋಡುತ್ತಲೇ ಹಕ್ಕಿ ಕೆಸರು ದಾಟಿ ತೂಬಿನ ಬಳಿಯ ತಿಳಿನೀರಿಗಿಳಿಯಿತು. ಕೆಮ್ಮಣ್ಣು ತೊಳೆದುಹೋಯಿತು. ಕಾಲು ಹಸಿರು! ಪ್ರತಿ ವರ್ಷ ಬರುವ ಮಾಮೂಲಿ ಹಸಿರುಗಾಲಿನ ಹಕ್ಕಿ ಅದು.

"ಒಬ್ಬರು, ನಿಮ್ಮ ಹಕ್ಕಿ ಬಣ್ಣ ಬಿಡ್ತಲ್ರೀ ಅಂದ್ರು. ಎಲ್ಲ ನಕ್ರು. ಅಮರನಾಥ್ ಸಾರ್ ನಗ್ಲಿಲ್ಲ. ಅದೇ ಜಾಸ್ತಿ ನೋವಾಯ್ತು," ಎನ್ನುತ್ತಾರೆ. ಆಮೇಲೆ ಇವರು ಕಳಿಸಿದ ಒಂದೊಂದು ಹೆಸರಿಗೂ ಗುಂಪಿನಿಂದ ಮರುಪ್ರಶ್ನೆ ಬರುತ್ತಿತ್ತು: ಕಾಲು ತೊಳೆದು ನೋಡಿದಿರಾ? ತಮಾಷೆಗೇ ಕೇಳಿದ್ದಿರಬಹುದು. ಕೇಳಿಸಿಕೊಂಡವರಿಗೆ ಅದು ತಮಾಷೆಯಾಗಿರಲಿಲ್ಲ. ತಮ್ಮ ಮಾತನ್ನು ಮತ್ತೆ ಜನ ನಂಬಬೇಕು, ಅಷ್ಟೇ ಅವರ ಆಸೆ.

ಗಂಟೆ ಏಳಾಗುತ್ತದೆ, ನೀರು ಬಿಡುವ ಹೊತ್ತು. ಹಕ್ಕಿ ಇನ್ನೂ ಕೆಸರಿನಲ್ಲೇ ಇದೆ. ಕಾಲು ಕೆಂಪಾಗಿದೆ, ಕೆಸರೂ ಕೆಂಪಾಗಿದೆ. ಐದು ನಿಮಿಷ ಕಳೆಯುವಷ್ಟರಲ್ಲಿ ಫೋನ್ ಹೊಡೆದುಕೊಳ್ಳುತ್ತದೆ. ಮೇಲಿನ ಬೀದಿಯ ಮುನಿಶಾಮಮ್ಮ.

"ನೀಳ್ಳು ಇಂಕಾ ರಾಲೇದನ್ನಾ! ಇನ್ನೂ ನೀರಿಲ್ಲ, ಮಕ್ಕಳು ಸ್ಕೂಲಿಗೆ ಹೋಗೋದು ಬೇಡ್ವಾ?"

"ಬಂದೆ ಕಣಮ್ಮ." ಕೋದಂಡರಾಮಪ್ಪ ಒಮ್ಮೆ ಹಕ್ಕಿಯನ್ನು ನೋಡುತ್ತಾರೆ, ಒಮ್ಮೆ ಕೀಲಿಯನ್ನು. ಬೈನಾಕ್ಯುಲರನ್ನು ನನ್ನ ಕೊರಳಿಗೆ ಹಾಕಿ, ಕೀಲಿ ಹೆಗಲಿಗೇರಿಸಿ, ಹಿಂದೆ ತಿರುಗಿ ನೋಡದೆ ಸೈಕಲ್ ತುಳಿಯುತ್ತಾರೆ.

ಅವರು ಹೋಗಿ ಹತ್ತು ನಿಮಿಷವಾಗಿಲ್ಲ, ಹಕ್ಕಿ ತಿಳಿನೀರಿಗೆ ಇಳಿಯುತ್ತದೆ. ಮುಳುಗಿ ಎದ್ದು ರೆಕ್ಕೆ ಒದರಿ ಕಲ್ಲಿನ ಮೇಲೆ ನಿಲ್ಲುತ್ತದೆ. ಕಾಲು ಕೆಂಪು, ತೊಳೆದ ಮೇಲೂ ಕೆಂಪು! ಫೋನಿನಲ್ಲಿ ಚಿತ್ರ ತೆಗೆಯುತ್ತೇನೆ. ಅದರಲ್ಲಿ ಒಂದು ಮಸುಕು ಚುಕ್ಕೆ ಮೂಡುತ್ತದೆ. ಇವರಿಲ್ಲದೆ ಹೋದರಲ್ಲ ಎಂದು ನನಗೆ ಅಳು ಬರುವಷ್ಟು ಸಂಕಟ. ಹಕ್ಕಿ ಹಾರಿಹೋಗುತ್ತದೆ.

ನೀರು ಬಿಟ್ಟು ಏದುಸಿರು ಬಿಡುತ್ತ ಬಂದವರಿಗೆ ಹೇಳುತ್ತೇನೆ. ಒಂದೊಂದನ್ನೂ ಎರಡೆರಡು ಸಲ ಕೇಳುತ್ತಾರೆ. ಮುಖ ಅರಳುತ್ತದೆ. ತಡೆಯಲಾರದೆ ನಾನೇ ಅಮರನಾಥ್ ಅವರಿಗೆ ಫೋನ್ ಮಾಡಿ ಎಲ್ಲವನ್ನೂ ಒಪ್ಪಿಸಿ, ಸ್ಪೀಕರ್ ಹಾಕಿ ಕೋದಂಡರಾಮಪ್ಪನವರ ಕೈಗೆ ಕೊಡುತ್ತೇನೆ.

"ಪತ್ರಕರ್ತರು ಹೇಳಿದ್ದು ಇರ್ಲಿ," ಎನ್ನುತ್ತದೆ ಆ ಕಡೆಯ ದನಿ. "ಕೋದಂಡರಾಮಪ್ಪ, ನೀವು ಹೂಂ ಅನ್ನಿ ಸಾಕು. ಬೇರೆ ಯಾರನ್ನೂ ಕೇಳಲ್ಲ, ಬರ್ಕೋತೀನಿ."

ನಾಲ್ಕು ವರ್ಷದಿಂದ ಕಾದ ಮಾತು ಅದು. ಕೋದಂಡರಾಮಪ್ಪ ಮಫ್ಲರಿನಿಂದ ಕಣ್ಣೊರೆಸಿಕೊಳ್ಳುತ್ತಾರೆ.

"ಬೇಡ ಸಾರ್. ಅದು ಕಾಲು ತೊಳ್ಕೊಳ್ಳೋವಾಗ ನಾನು ವಾಲ್ವ್ ಹತ್ರ ಇದ್ದೆ."

ಫೋನ್ ನನಗೆ ಕೊಟ್ಟು, ಕೆಸರಿನ ಮೇಲೆ ಉಳಿದ ಹೆಜ್ಜೆಗಳನ್ನು ನೋಡುತ್ತ ನಿಲ್ಲುತ್ತಾರೆ. "ನಾಳೆ ಕೆಳಗಿನ ಬೀದಿ ಸರದಿ ಸಾರ್. ಅಲ್ಲಿ ಏಳೂವರೆಗೆ ಬಿಟ್ರೂ ಯಾರೂ ಬೈಯಲ್ಲ. ನನಗೆ ಇನ್ನರ್ಧ ಗಂಟೆ ಸಿಗ್ತದೆ."