ಅಕ್ಕೋರು ಬಿಟ್ಟ ಒಂದು ಸಾಲು

ಮೊನ್ನೆ ರೋಣದ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಮೂಲೆಗೆ ಬಿದ್ದಿದ್ದ ಹಳೆಯ ಕಂಪ್ಯೂಟರನ್ನು ಚಾಲೂ ಮಾಡಿದೆ. ಕಾದ ಧೂಳಿನ ವಾಸನೆ ಬಂತು. ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ಅಕ್ಕೋರು ನೆನಪಾದರು...

ಆಗ ನಾನು ಗಜೇಂದ್ರಗಡದಲ್ಲಿ ಒಂಬತ್ತನೆಯ ತರಗತಿ. ನಿವೃತ್ತಿಗೆ ಎರಡೇ ವರ್ಷ ಉಳಿದಿದ್ದ ಅಕ್ಕೋರಿಗೆ ಕಂಪ್ಯೂಟರ್ ಕಲಿಸುವ ಕೆಲಸವೂ ಬಿತ್ತು. ಅವರಿಗೂ ಅದು ಹೊಸದು. ಸಂಜೆ ನಮ್ಮ ಜೊತೆಗೇ ಬೆಂಚಿನ ಮೇಲೆ ಕೂತು ವೇರಿಯೇಬಲ್, ಲೂಪ್, ಗ್ರಾಫ್ ಎಂದು ಒಂದೊಂದೇ ಅಭ್ಯಾಸ ಬಿಡಿಸುತ್ತಿದ್ದರು. ತಪ್ಪಾದರೆ ನಮಗಿಂತ ಜೋರಾಗಿ ನಗುತ್ತಿದ್ದರು.

ಒಂದು ದಿನ ಗೆಳತಿಯ ಅಭ್ಯಾಸವನ್ನು ನಕಲು ಮಾಡಿದ್ದಕ್ಕೆ ನನ್ನನ್ನು ಎಲ್ಲರೆದುರು ನಿಲ್ಲಿಸಿದರು. ಆ ಸಿಟ್ಟು ನನ್ನಲ್ಲಿ ಉಳಿದಿತ್ತು. ಅದೇ ವಾರ ತಪಾಸಣೆಗೆ ಸಾಹೇಬರು ಬರುವವರಿದ್ದರು. ಹಿಂದಿನ ಸಂಜೆ ಕರೆಂಟ್ ಇರಲಿಲ್ಲ. ಅಕ್ಕೋರು ಪ್ರೋಗ್ರಾಮನ್ನು ಬೋರ್ಡಿನ ಮೇಲೆ ಬರೆದರು. ಒಂದರಿಂದ ಹತ್ತರವರೆಗಿನ ವರ್ಗಸಂಖ್ಯೆಗಳು ಅಚ್ಚಾಗಿ, ಅವುಗಳ ಗ್ರಾಫ್ ಬರಬೇಕು. ಆದರೆ ಲೂಪಿನೊಳಗೆ ಪ್ರತಿ ಸುತ್ತಿನಲ್ಲೂ ಸಂಖ್ಯೆಗೆ ಒಂದನ್ನು ಕೂಡಿಸುವ ಸಾಲನ್ನೇ ಅವರು ಬಿಟ್ಟಿದ್ದರು. ನನಗೆ ಕಂಡಿತು. ಬೇಕೆಂದೇ ಸುಮ್ಮನಿದ್ದೆ.

ಮರುದಿನ ಸಾಹೇಬರ ಎದುರಿಗೆ ಅಕ್ಕೋರು ಅದನ್ನೇ ಟೈಪ್ ಮಾಡಿ ಓಡಿಸಿದಾಗ ಪರದೆಯ ತುಂಬ ಒಂದು, ಒಂದು, ಒಂದು... ನಿಲ್ಲಲೇ ಇಲ್ಲ. ಯಾರೋ ಕಿಸಕ್ಕೆಂದರು. ನನಗೆ ಖುಷಿಯಾಗಬೇಕಿತ್ತು; ಆಗಲಿಲ್ಲ.

“ಎಲ್ಲಿ ತಪ್ಪೇತಿ ನನಗ ತಿಳೀವಲ್ದ್ರಿ ಸಾಹೇಬ್ರ,” ಎಂದರು ಅಕ್ಕೋರು, ಸಹಜವಾಗಿ. ನಂತರ ನನ್ನತ್ತ ತಿರುಗಿ, “ಬಾರವ್ವಾ, ಕಲಿಸು ನನಗ.”

ತಾವು ಎದ್ದು ನನ್ನನ್ನು ಕುರ್ಚಿಯಲ್ಲಿ ಕೂಡಿಸಿದರು. ಪ್ರೋಗ್ರಾಮನ್ನು ನಿಲ್ಲಿಸಿ, ಆ ಒಂದು ಸಾಲು ಸೇರಿಸಿ ಮತ್ತೆ ಓಡಿಸಿದೆ. ಗ್ರಾಫಿನ ಗೆರೆ ಬಾಗುತ್ತ ಮೇಲೇರಿತು. ಮೊದಲು ಚಪ್ಪಾಳೆ ತಟ್ಟಿದವರು ಅವರೇ.

ಎಷ್ಟೋ ವರ್ಷಗಳ ಮೇಲೆ, ನೌಕರಿ ಸಿಕ್ಕ ಸುದ್ದಿ ಹೇಳಲು ಜಕ್ಕಲಿಯ ಅವರ ಮನೆಗೆ ಹೋದಾಗ ಎಲ್ಲವನ್ನೂ ಒಪ್ಪಿಕೊಂಡೆ. ಮೆಂತ್ಯಸೊಪ್ಪು ಬಿಡಿಸುತ್ತಿದ್ದ ಅವರ ಕೈ ನಿಲ್ಲಲಿಲ್ಲ.

“ಗೊತ್ತಿತ್ತು ಬಿಡು. ಎಲ್ಲಾರೂ ಪರದೆ ನೋಡತಿದ್ರು, ನೀ ಒಬ್ಬಾಕಿ ನೆಲಾ ನೋಡತಿದ್ದಿ.”

“ಮತ್ತ ನನ್ನನ್ನ ಯಾಕ ಕರದ್ರಿ?”

“ತಪ್ಪು ಎಲ್ಲೇತಂತ ತಿಳದಾಕಿ ನೀ ಒಬ್ಬಾಕಿನ ಇದ್ದಿ. ಮತ್ತ್ಯಾರನ್ನ ಕರೀಲಿ?”

ಹೋದ ವರ್ಷ ಅಕ್ಕೋರು ತೀರಿಕೊಂಡರು. ಈಗ ಅದೇ ಅಭ್ಯಾಸಗಳನ್ನು ನಾನು ಕಲಿಸುತ್ತೇನೆ. ಕಳೆದ ವಾರ ವಿದ್ಯಾರ್ಥಿನಿಯೊಬ್ಬಳು ನನ್ನ ಪ್ರೋಗ್ರಾಮಿನಲ್ಲಿ ತಪ್ಪು ತೋರಿಸಿದಳು. ಹೌದು ಎನ್ನುವ ಮೊದಲು ನಾನು ಒಂದು ಗಳಿಗೆ ತಡೆದೆ. ಅಕ್ಕೋರು ಅಂದು ಅಷ್ಟೂ ತಡೆದಿರಲಿಲ್ಲ. ಎಲ್ಲರೆದುರು ತಪ್ಪೊಪ್ಪಿಕೊಳ್ಳುವುದು ಎಷ್ಟು ಕಷ್ಟದ ಕೆಲಸವೆಂದು ನನಗೆ ತಿಳಿಯುವ ಹೊತ್ತಿಗೆ, ಹೇಳಿಕೊಳ್ಳಲು ಅವರಿಲ್ಲ.